ಅಳಬಾರದವನು

ಹೊಳೆದಂಡೆಯ ಆ ಮಠದ ಅಂಗಳದಲ್ಲಿ ದುಃಖ ಹೊತ್ತ ಜನ ಬೆಳಗಿನಿಂದಲೇ ಬಂದು ಕೂರುತ್ತಿದ್ದರು. ಗುರು ಮುರಿಗೆಪ್ಪಜ್ಜನವರಿಗೆ ವಯಸ್ಸಾದ ಮೇಲೆ ಆ ಜನರ ಮಾತು ಕೇಳಿಸಿಕೊಳ್ಳುವ ಕೆಲಸ ಶಿಷ್ಯ ಚೆನ್ನವೀರನ ಪಾಲಿಗೆ ಬಂದಿತ್ತು.

ಅವನು ಮನಸ್ಸಿಟ್ಟು ಕೇಳುತ್ತಿದ್ದ. ಹೇಳಿಕೊಂಡವರು ಎದೆ ಹಗುರ ಮಾಡಿಕೊಂಡು ಏಳುತ್ತಿದ್ದರು.

ಅಜ್ಜ ಪರವೂರಿಗೆ ಹೋಗಿದ್ದಾಗ, ಆಚೆ ದಡದ ಹಳ್ಳಿಯಿಂದ ಚೆನ್ನವೀರನ ಅಕ್ಕ ಹೇಳಿಕಳಿಸಿದಳು: "ಅವ್ವ ಉಳಿಯೂದಿಲ್ಲ. ನಿನ್ನ ದಾರಿ ನೋಡಾಕತ್ತಾಳ. ಲಗೂ ಬಾ."

ಅವನು ದಡಬಡಿಸಿ ಎದ್ದ. ಕಣ್ಣು ತುಂಬಿತ್ತು.

ಅಂಗಳದ ಜನ ಗಾಬರಿಯಾದರು.

"ನೀವ ಕಣ್ಣೀರು ಹಾಕಿದರ ನಮಗ ದಿಕ್ಕು ಯಾರ್ರಿ, ಅಪ್ಪಾರ?" ಅಂದಳು ಮಗು ಕಳೆದುಕೊಂಡು ಬಂದಿದ್ದ ಹೆಂಗಸು.

ಮುದುಕನೊಬ್ಬ ಕಾಲು ಹಿಡಿದ. "ಊರಿಗೆಲ್ಲ ತಾಯಿ ಆಗೀರಿ. ನಿಮಗ ಮತ್ತೊಬ್ಬಾಕಿ ತಾಯಿ ಯಾಕ್ರಿ?"

ಚೆನ್ನವೀರ ಕಣ್ಣೊರೆಸಿಕೊಂಡ. ಕೂತ. ಆ ಹೆಂಗಸಿನ ಮಾತು ಕೇಳಿದ, ಮುದುಕನ ಮಾತೂ ಕೇಳಿದ.

ಅಂಗಳ ಖಾಲಿಯಾದ ಮೇಲೆ ಹರಿಗೋಲು ಹತ್ತಿ ಹೋದ. ಅಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಕ್ಕ ಅವನ ಜೊತೆ ಮಾತಾಡಲಿಲ್ಲ.

ಮರುದಿನ ಮತ್ತೆ ಅಂಗಳದಲ್ಲಿ ಕೂತ.

"ಎಂಥಾ ವೈರಾಗ್ಯ! ಒಂದು ಹನಿ ಕಣ್ಣೀರಿಲ್ಲ ನೋಡ್ರಿ" ಎಂದು ಜನ ಕೈಮುಗಿದರು.

ಚೆನ್ನವೀರನಿಗೆ ಎದುರಿಗೆ ಕೂತವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕಿವಿಗೆ ಬೀಳುತ್ತಿರಲಿಲ್ಲ. ಆದರೂ ತಲೆಯಾಡಿಸುತ್ತಿದ್ದ. ಯಾರಿಗೂ ಗೊತ್ತಾಗಲಿಲ್ಲ.

ಅಜ್ಜ ಮರಳಿದಾಗ ಜನ ಶಿಷ್ಯನನ್ನು ಹೊಗಳಿದ್ದೇ ಹೊಗಳಿದ್ದು. ಅಜ್ಜ ಅವನನ್ನು ಒಳಗೆ ಕರೆದು ಮುಖ ನೋಡಿದರು.

"ಹೇಳಿಕಳಿಸಿದ ಕೂಡಲೆ ಯಾಕ ಹೋಗಲಿಲ್ಲೋ?"

"ಜನ ಕೂತಿದ್ರು, ಅಜ್ಜಾರ."

"ಎದ್ದು ಹೋಗಿದ್ದರ?"

"ನನ್ನ ನಂಬಿ ಬಂದವರು. ಅವರ ಮುಂದ ಅತ್ತರ ಹೆಂಗ ಅನ್ನಿಸ್ತು." ಒಣಗಿದ ಕಣ್ಣು ಉಜ್ಜಿಕೊಂಡ. "ಈಗ ಅಳಬೇಕಂದ್ರೂ ಬರವಲ್ದು."

ಅಜ್ಜ ಎದ್ದು ಹೋಗಿ ಮಠದ ಬಾಗಿಲು ಮುಚ್ಚಿ ಅಗಳಿ ಹಾಕಿದರು. ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ಹೊರಗೆ ಗದ್ದಲವೆದ್ದಿತು. "ದೂರದಿಂದ ಬಂದೇವ್ರೀ!"

"ಅವನ ಅವ್ವ ಸತ್ತಾಳ," ಒಳಗಿನಿಂದಲೇ ಕೂಗಿ ಹೇಳಿದರು ಅಜ್ಜ.

"ಅದು ಗೊತ್ತೈತ್ರಿ," ಅಂತು ಒಂದು ದನಿ. "ಅದಕ್ಕ ಬಾಗಿಲು ಯಾಕ ಹಾಕಿದ್ರಿ?"

ಚೆನ್ನವೀರ ಏಳಲು ಹೋದ. ಅಜ್ಜ ಭುಜ ಒತ್ತಿ ಕೂರಿಸಿದರು. ತಾವೂ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ನಿಮ್ಮವ್ವ ನಿನ್ನ ಏನಂತ ಕರೀತಿದ್ದಳು?"

"ಚೆನ್ಯಾ ಅಂತಿದ್ದಳು. ಉಣ್ಣೋ ಹೊತ್ತಿಗೆ, ಓಣಿಗೆಲ್ಲ ಕೇಳೂ ಹಂಗ, ಚೆನ್ಯಾ..."

ಅವನು ಅಜ್ಜನ ತೊಡೆಗೆ ಮುಖ ಒತ್ತಿ ಅಳತೊಡಗಿದ. ಮಕ್ಕಳು ಅಳುವಂತೆ ದನಿ ತೆಗೆದು ಅತ್ತ.

ಹೊರಗಿನ ಗದ್ದಲ ನಿಂತಿತು. ಆಮೇಲೆ ಜನ ಎದ್ದು ಹೋಗುವ ಸದ್ದು.

"ಇವರೂ ನಮ್ಮಂಗ ಅನ್ರಿ," ಎಂದು ಯಾರೋ ಬೇಸರದಿಂದ ಆಡಿಕೊಂಡದ್ದು ಒಳಗೂ ಕೇಳಿಸಿತು.

ಚೆನ್ನವೀರ ತಲೆಯೆತ್ತಿದ. "ಅವರು ಇನ್ನ ಬರೂದಿಲ್ಲ, ಅಜ್ಜಾರ."

"ಬರದಿರಲಿ," ಅಂದರು ಅಜ್ಜ. "ನೀ ಅತ್ತು ಮುಗಿಸು."