ಜೇಬಿನ ಅಳತೆ

ಹೊಳೆದಂಡೆಯ ಹೆಂಚಿನ ಮನೆಯೊಂದರಲ್ಲಿ ಗಫಾರ್ ಉಸ್ತಾದರು ಮರದ ಆಟಿಕೆ ಕಡೆಯುತ್ತಿದ್ದರು.

ಅಲ್ಲಿ ಕಲಿತವರು ಸ್ವಂತ ಕೆಲಸ ಶುರುಮಾಡುವ ಮೊದಲು, ತಾವೇ ಯೋಚಿಸಿದ ಒಂದು ಆಟಿಕೆ ಮಾಡಿ ತೋರಿಸಬೇಕು. ಉಸ್ತಾದರು ಒಪ್ಪಿದರೆ ಅಪ್ಪಣೆ. ಒಪ್ಪದಿದ್ದರೆ ಮತ್ತೆ ಅದೇ ಮರ, ಅದೇ ಉಳಿ. ಬೇಡಿದರೂ ಇಲ್ಲ, ಕಾಡಿದರೂ ಇಲ್ಲ.

ಹೊಂಬಯ್ಯ ಹನ್ನೊಂದು ವರ್ಷದಿಂದ ಅವರ ಶಿಷ್ಯ. ಅವನು ಆರಿಸಿಕೊಂಡದ್ದು ಯೋಯೋ. ಮಕ್ಕಳು ದಿನಾ ಜೇಬಿನಲ್ಲಿಟ್ಟುಕೊಂಡು ಓಡಾಡುವಂಥದ್ದು, ಬೇಕೆಂದಾಗ ತೆಗೆದು ಆಡುವಂಥದ್ದು.

ಆರು ಸಲ ಮಾಡಿದ. ಆರು ಸಲವೂ ಉಸ್ತಾದರು ತಿರುಗಿಸಿ ನೋಡಿ, "ಚೆನ್ನಾಗೈತೆ. ಆದ್ರೆ ಇದಲ್ಲ," ಅಂದರು.

ಏಳನೆಯದಕ್ಕೂ ಅದೇ ಮಾತು ಬಂದಾಗ ಹೊಂಬಯ್ಯನ ತಾಳ್ಮೆ ಕೆಟ್ಟಿತು.

"ಅರಗಿನ ಬಣ್ಣ ಸರಿಯಾಗಿ ಹಿಡಿದಿಲ್ವಾ ಉಸ್ತಾದ್?"

"ಕನ್ನಡಿ ಹಂಗೈತೆ."

"ಎರಡು ಬಿಲ್ಲೆ ತೂಕದಲ್ಲಿ ಹೆಚ್ಚುಕಮ್ಮಿ ಆಯ್ತಾ?"

"ಕೂದಲೆಳೆಯಷ್ಟೂ ಇಲ್ಲ."

"ಮತ್ತೇನು ತಪ್ಪು? ಹೇಳಿಬಿಡಿ, ತಿದ್ಕೋತೀನಿ!"

ಉಸ್ತಾದರು ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳು ನೂರಿಯನ್ನು ಕರೆದು ಯೋಯೋ ಅವಳ ಕೈಗಿಟ್ಟರು.

ದಾರದ ಕುಣಿಕೆಗೆ ಹುಡುಗಿಯ ಬೆರಳು ಅರ್ಧವೂ ಹೋಗಲಿಲ್ಲ. ದಾರವನ್ನೇ ಹಿಡಿದು ಬಿಟ್ಟಳು. ಯೋಯೋ ಸರ್ರನೆ ಇಳಿಯಿತು, ಒಂಚೂರು ತಿರುಗಿತು, ನೇತಾಡುತ್ತ ನಿಂತಿತು. ಮೂರು ಸಲ ಬಿಟ್ಟು ನೋಡಿದಳು.

"ಕೆಳಗೆ ಹೋಗುತ್ತೆ ದಾದಾ, ವಾಪಸ್ ಬರಲ್ಲ," ಎಂದು ಕೊಟ್ಟು ಓಡಿದಳು.

"ಇಷ್ಟು ಸಣ್ಣದಕ್ಕೆ ಮೇಲೆ ಹತ್ತೋ ಕಸುವಿಲ್ಲ," ಅಂದರು ಉಸ್ತಾದರು. "ನಿಂಗೆ ಮೊದಲನೇ ದಿನಾನೇ ಗೊತ್ತಿತ್ತು."

ಗೊತ್ತಿತ್ತು. ಹನ್ನೊಂದು ವರ್ಷ ಮರ ಕಡೆದವನಿಗೆ ಇಷ್ಟು ತಿಳಿಯದಿದ್ದರೆ ಅವನು ಕಡೆದದ್ದು ಬರೀ ಹೊಟ್ಟು.

"ನೀನು ಬಣ್ಣ ಬದಲಾಯಿಸಿದೆ, ಅಂಚು ಬದಲಾಯಿಸಿದೆ. ಏಳರಲ್ಲೂ ಅಳತೆ ಒಂದೇ. ಯಾರ ಜೇಬಿಂದು ಹೊಂಬಯ್ಯ ಇದು?"

ಹೊಂಬಯ್ಯ ಕೈ ಒರೆಸಿಕೊಂಡ. ಆಮೇಲೆ ಅಂಗಿಯ ಒಳಗಿನಿಂದ ಒಂದು ಕಾಗದ ತೆಗೆದ. ಚೌಕಾಕಾರವಾಗಿ ಕತ್ತರಿಸಿದ್ದು, ಅಂಗೈಗಿಂತ ಸಣ್ಣದು, ಮಡಿಕೆಗಳಲ್ಲಿ ಹರಿದಿತ್ತು.

"ನಮ್ಮ ಗಿರಿಜಂದು. ಹಳದಿ ಫ್ರಾಕಿಂದು. ಈ ಜೇಬಿಗೆ ಹಿಡಿಸೋ ಹಂಗೆ ಏನಾದ್ರೂ ಮಾಡ್ಕೊಡಪ್ಪಾ ಅಂದ್ಳು. ಅಳತೆ ತಗೊಂಡೆ. ನಾಳೆ ಮಾಡ್ತೀನಿ ಅಂದೆ. ಅವತ್ತೇ ಜ್ವರ ಬಂತು."

ಆ ಜ್ವರ ಮಗುವನ್ನು ಒಯ್ದದ್ದು ಊರಿಗೆಲ್ಲ ಗೊತ್ತಿತ್ತು. ಹೊಂಬಯ್ಯ ಅದನ್ನು ಬಾಯಿಬಿಟ್ಟು ಆಡಿದ್ದು ಮಾತ್ರ ಅಂದೇ ಮೊದಲು. ಆಡಿದವನೇ ಬಿಕ್ಕಿಬಿಕ್ಕಿ ಅತ್ತ. ಗಂಡಸು ಅಳಬಾರದು ಅನ್ನುವವರು ಅಲ್ಲಿದ್ದಿದ್ದರೆ ಅವರೂ ಅಳುತ್ತಿದ್ದರು.

ಉಸ್ತಾದರು ಒಂದು ಲೋಟ ನೀರು ತಂದುಕೊಟ್ಟು, ಅವನು ಕುಡಿಯುವವರೆಗೆ ಕಾದರು.

"ಅಳತೆ ಬದಲಾಯಿಸಿದ್ರೆ ಅವಳನ್ನ ಮರೆತಂಗೆ ಆಗ್ತದೆ," ಅಂದ ಹೊಂಬಯ್ಯ. "ನಿಮ್ಮ ಅಪ್ಪಣೆ ಸಿಗದಿದ್ರೂ ಆಯ್ತು ಉಸ್ತಾದ್. ಜೀವನಪೂರ್ತಿ ಇಲ್ಲೇ ಹೊಟ್ಟು ಗುಡಿಸ್ತೀನಿ. ಇದನ್ನ ಬಿಡೋಕೆ ನನ್ನ ಕೈಲಾಗಲ್ಲ."

"ಬಿಡು ಅಂತ ಯಾರು ಹೇಳಿದ್ರು?"

ಉಸ್ತಾದರು ಕಾಗದವನ್ನು ಹುಷಾರಾಗಿ ಮಡಿಸಿ ಅವನ ಅಂಗಿಯೊಳಗೇ ಇಟ್ಟರು. ಮೂಲೆಯ ರಾಶಿಯಲ್ಲಿ ಹುಡುಕಿ, ಒಣಗಿದ ಮರದ ತುಂಡೊಂದನ್ನು ತಂದು ಅವನ ಮುಂದಿಟ್ಟರು. ಹಿಂದಿನ ಏಳಕ್ಕಿಂತ ದಪ್ಪನೆಯ ತುಂಡು.

"ಆಗ ಅವಳಿಗೆ ಎಷ್ಟು ವರ್ಷ?"

"ನಾಲ್ಕು."

"ಹೋಗಿ ಎಷ್ಟಾಯ್ತು?"

"ಯುಗಾದಿಗೆ ಮೂರು ತುಂಬ್ತು."

"ಹಂಗಾದ್ರೆ ಈಗ ಅವಳಿಗೆ ಏಳು. ಏಳು ವರ್ಷದವಳ ಜೇಬು ಇನ್ನೂ ದೊಡ್ಡದಿರ್ತದೆ ಮಗಾ. ಅದಕ್ಕೆ ಮಾಡು."