ಹೆಸರು ಹೇಳದ ಸೋದರತ್ತೆ

ಶಿಷ್ಯ ಕೇಳಿದ: "ಗುರುಗಳೇ, ಬುದ್ಧಿ ಕದಡಿದವರಿಗೂ ಬೀಡಿ ಬಿಡಿ ಎಂದು ಹೇಳುತ್ತೀರಿ. ಅದು ಅವರಿಂದ ಆಗುವ ಮಾತೇ? ಬಿಡಲು ಅವರಿಗೆ ಕಾರಣವಾದರೂ ಏನಿರುತ್ತದೆ?"

ಗುರು ಹೇಳಿದರು:

ಚಾಪೆ ಹೆಣೆಯುವ ಒಬ್ಬ ಹೆಂಗಸಿದ್ದಳು. ಅವಳಿಂದ ಏನೂ ಆಗದು ಎಂದು ಮೊದಲು ಹೇಳಿದವಳು ಹೆತ್ತ ತಾಯಿ. ಆಮೇಲೆ ಊರೆಲ್ಲ ಹೇಳಿತು. ಎದುರಿಗೆ ಯಾರೂ ಇಲ್ಲದಾಗಲೂ ಅವಳ ಕಿವಿಯಲ್ಲಿ ಮಾತು ಕೇಳುತ್ತಿತ್ತು. ಬೈಗುಳವೇ ಹೆಚ್ಚು. ವೈದ್ಯರ ಮದ್ದು ಅದನ್ನು ತಗ್ಗಿಸಿತು, ನಿಲ್ಲಿಸಲಿಲ್ಲ. ಬೀಡಿ ಹಚ್ಚಿದರೆ, ಅದು ಉರಿಯುವಷ್ಟು ಹೊತ್ತು ಮಾತು ದೂರ ಸರಿಯುತ್ತಿತ್ತು. ಹಾಗಾಗಿ ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದಳು.

ಅವಳ ತಮ್ಮನ ಹೆಂಡತಿ ಬಸುರಾದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು.

"ಹೆಸರು ನಾನೇ ಇಡುತ್ತೇನೆ" ಎಂದು ಚಾಪೆಯವಳು ತಮ್ಮನಿಗೆ ಹೇಳಿದಳು.

ತಮ್ಮ ನಕ್ಕ. "ಅಕ್ಕಾ, ಸೂರ್ಯನಿಗಿಂತ ಮೊದಲು ನಿನ್ನ ಬೀಡಿ ಏಳುತ್ತದೆ. ಆ ನಾತದ ಬಾಯಿಯನ್ನು ಕೂಸಿನ ಕಿವಿಯ ಹತ್ತಿರ ತರುತ್ತೀಯಾ?"

"ಬಿಟ್ಟರೆ?"

"ಬಿಟ್ಟರೆ ನೀನೇ ಇಡು. ನಿನ್ನ ಕೈಲಿ ಎಲ್ಲಿ ಆದೀತು!"

ಅಂದೇ ಬೀಡಿ ಕಟ್ಟನ್ನು ಒಲೆಗೆ ಹಾಕಿದಳು. ಕಿವಿಯೊಳಗಿನ ಮಾತುಗಳು ಮೇಲೆಬಿದ್ದು ಬಂದವು. ಅವು ಬೈದಷ್ಟೂ ಜೊಂಡನ್ನು ಬಿಗಿಯಾಗಿ ಎಳೆದು ಹೆಣೆದಳು. ಬೆರಳು ಸೀಳಿದವು. ಆರು ತಿಂಗಳು ಒಂದು ಬೀಡಿಯನ್ನೂ ಮುಟ್ಟಲಿಲ್ಲ.

ತೊಟ್ಟಿಲ ಶಾಸ್ತ್ರದ ದಿನ ಬಂತು. ಹೆಸರು ಹೇಳಿದವಳ ಬೆನ್ನಿಗೆ ಉಳಿದ ಹೆಂಗಸರು ನಗುತ್ತ ಗುದ್ದುವುದು ವಾಡಿಕೆ. ಅವಳು ಆಗಲೇ ಬೆನ್ನು ಬಾಗಿಸಿಕೊಂಡು ತೊಟ್ಟಿಲ ಬಳಿಗೆ ಹೋದಳು. ತಮ್ಮ ಅಡ್ಡ ನಿಂತ.

"ಮೂಸಿ ನೋಡು" ಎಂದು ಅವಳು ಬಾಯಿ ತೆರೆದಳು.

ತಮ್ಮ ತಲೆ ತಗ್ಗಿಸಿದ. "ನಾತ ಹೋಗಿದೆ, ಅಕ್ಕಾ. ಆದರೆ ನಿನ್ನ ಕಿವಿಯಲ್ಲಿರುವುದು ಕೂಸಿನ ಕಿವಿಗೆ ಇಳಿದರೆ?"

ಹೆಸರನ್ನು ಪಕ್ಕದ ಮನೆಯವಳು ಹೇಳಿದಳು. ಗುದ್ದುಗಳು ಆ ನೆರೆಯವಳ ಬೆನ್ನಿಗೆ ಬಿದ್ದವು.

ಶಿಷ್ಯ ತಡೆಯಲಾರದೆ ಕೇಳಿದ: "ಅಂದೇ ಮತ್ತೆ ಬೀಡಿ ಹಚ್ಚಿದಳೇ?"

"ಇಲ್ಲ" ಎಂದರು ಗುರು. "ಈಗ ಅವಳದೆಂದು ಇರುವುದು ನಾತವಿಲ್ಲದ ಒಂದು ಬಾಯಿ ಮಾತ್ರ. ಅದಕ್ಕೆ ಅವಳು ತೆತ್ತದ್ದು ಆ ಬೈಗುಳಗಳಿಂದ ಸಿಗುತ್ತಿದ್ದ ಒಂದೇ ಒಂದು ಬಿಡುವು."