ಐದು ಬೆಳ್ಳಕ್ಕಿಗಳ ಭಾರ

ಕಾಡೊಂದರಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತ ಒಂದು ಬಂಡೆ ಇತ್ತು. ಮಳೆಗಾಲ ಮುಗಿದ ಮೇಲೆ ಯಾರಾದರೂ ಒಬ್ಬರು ಅದರ ಮೇಲೆ ಚಿತ್ರ ಬರೆಯುವುದು ಅಲ್ಲಿನ ಪದ್ಧತಿ. ಚಿತ್ರ ತೋರಿಸುವ ದಿನ ಬರೆದವರು ಹೊತ್ತು ಮುಳುಗುವ ತನಕ ತುಟಿ ಬಿಚ್ಚುವಂತಿಲ್ಲ. ನೋಡಿದವರೇ ಮಾತಾಡಬೇಕು. ಅವರು ಒಪ್ಪದಿದ್ದರೆ ಆನೆ ಹಿರಿಯಣ್ಣ ಸೊಂಡಿಲಿನಿಂದ ನೀರು ಹಾರಿಸಿ ಚಿತ್ರ ತೊಳೆದುಬಿಡುತ್ತಿದ್ದ.

ಆ ವರ್ಷದ ಸರದಿ ಮುಳ್ಳುಹಂದಿ ಸಣ್ಣವ್ವನದು. ಪಾಪ, ಹನ್ನೆರಡು ದಿನ ಗೆಡ್ಡೆ ಗೆಣಸು ಮರೆತು, ತನ್ನ ಮುಳ್ಳನ್ನೇ ಕಿತ್ತು ಕುಂಚ ಮಾಡಿಕೊಂಡು ಬರೆದಿದ್ದಳು. ಎಡಗಡೆ ಹೊಳೆಯಲ್ಲಿ ನಿಂತ ದೊಡ್ಡ ಕಾಡುಕೋಣ. ಬಲಗಡೆಯ ತುದಿಯಲ್ಲಿ ಹಾರುವ ಐದು ಪುಟ್ಟ ಬೆಳ್ಳಕ್ಕಿ.

ನರಿ ಕೆಂಚಪ್ಪನಿಗೋ ಆ ಬಂಡೆಯ ಮೇಲೆ ತನ್ನ ಮೋರೆ ಬರೆಸಿಕೊಳ್ಳುವ ಆಸೆ. ಅದಕ್ಕೆ ಮೊದಲು ಈ ಚಿತ್ರ ಅಳಿಯಬೇಕಿತ್ತು. ಕಾಡಿಗೆ ಬಂದಿದ್ದ ಚಿತ್ರಕಾರರ ಹಿಂದೆ ಪೊದೆಯಲ್ಲಿ ಕೂತು ನಾಲ್ಕು ಮಾತು ಕದ್ದು ಕೇಳಿದ್ದ. ಅಷ್ಟೇ ಅವನ ಬಂಡವಾಳ. ಚಿತ್ರ ತೋರಿಸುವ ದಿನ ಎಲ್ಲರೂ ಬಂಡೆಯೆದುರು ಸೇರಿದಾಗ ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

"ರೇಖೆಯಲ್ಲಿ ಬಿಗಿ ಇಲ್ಲ. ವರ್ಣಗಳಲ್ಲಿ ಹೊಂದಾಣಿಕೆ ಇಲ್ಲ. ಲಯ ಇಲ್ಲ. ಸಮತೋಲವಂತೂ ಇಲ್ಲವೇ ಇಲ್ಲ. ತೊಳೆದುಬಿಡಿ ಹಿರಿಯಣ್ಣ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಹಾಗಾಗಿ ಜಿಂಕೆ ತಲೆಯಾಡಿಸಿತು, ಮೊಲ ತಲೆಯಾಡಿಸಿತು, ಕರಡಿ ಎರಡೆರಡು ಸಲ ಆಡಿಸಿತು. ಸಣ್ಣವ್ವ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಹೊತ್ತು ಮುಳುಗಲು ಇನ್ನೂ ಬೇಕಾದಷ್ಟು ಸಮಯವಿತ್ತು.

ಹಿರಿಯಣ್ಣ ಸೊಂಡಿಲ ತುಂಬ ನೀರು ಎಳೆದುಕೊಂಡ. ಏನನ್ನಿಸಿತೋ, ಮತ್ತೆ ಕೆಳಗೆ ಚೆಲ್ಲಿದ. ನಾಚಿಕೆ ಪಡುವ ವಯಸ್ಸು ಅವನಿಗೆ ದಾಟಿತ್ತು. ಈ ಮಾತುಗಳು ತನಗೆ ತಿಳಿಯವೆಂದು ಎಲ್ಲರೆದುರು ಒಪ್ಪಿಕೊಂಡ.

"ಕೆಂಚಪ್ಪ, ಸಮತೋಲ ಕೆಟ್ಟಿರುವುದು ಎಲ್ಲಿ? ಪಂಜ ಇಟ್ಟು ತೋರಿಸಪ್ಪ."

ಕೆಂಚಪ್ಪ ತಬ್ಬಿಬ್ಬಾದ. ಏನೂ ತೋಚದೆ ಬೆಳ್ಳಕ್ಕಿಗಳ ಮೇಲೆ ಪಂಜ ಇಟ್ಟು, ಕೆಡಿಸಿರುವುದು ಇವೇ ಎಂದ.

ಹಿರಿಯಣ್ಣ ಒಂದು ತೇಗದ ಎಲೆ ಕಿತ್ತು ಬೆಳ್ಳಕ್ಕಿಗಳನ್ನು ಮುಚ್ಚಿದ. ತಟ್ಟನೆ ಚಿತ್ರವೆಲ್ಲ ಎಡಕ್ಕೆ ವಾಲಿದ ಹಾಗಾಯಿತು. ಮೊಲ ತಾನೂ ಎಡಕ್ಕೆ ವಾಲಿ ಕರಡಿಯ ಮೇಲೆ ಬಿತ್ತು. ಎಲೆ ತೆಗೆದ. ಚಿತ್ರ ಮತ್ತೆ ನೆಟ್ಟಗೆ ನಿಂತಿತು.

"ಓಹೋ, ಸಮತೋಲ ಅಂದರೆ ಇದಾ" ಎಂದಿತು ಕರಡಿ. "ಅಷ್ಟು ಭಾರದ ಕೋಣವನ್ನು ಈ ಐದು ಹಕ್ಕಿಗಳು ಹಿಡಿದು ನಿಲ್ಲಿಸಿವೆ."

ಈಗ ಎಲ್ಲರಿಗೂ ಧೈರ್ಯ ಬಂತು. ಲಯ ಎಲ್ಲಿ ತಪ್ಪಿದೆ ಎಂದು ಜಿಂಕೆ ಕೇಳಿತು. ಕೆಂಚಪ್ಪ ಹಕ್ಕಿಗಳ ರೆಕ್ಕೆ ತೋರಿಸಿದ. ಒಂದರ ರೆಕ್ಕೆ ಮೇಲೆ, ಇನ್ನೊಂದರದು ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ನೋಡುತ್ತ ನೋಡುತ್ತ ಜಿಂಕೆಯ ಕತ್ತೇ ಕುಣಿಯತೊಡಗಿತು. ರೇಖೆ ಕೇಳಿದರೆ ಕೋಣದ ಬೆನ್ನು ತೋರಿಸಿದ. ಅದು ಕೊಂಬಿನಿಂದ ಬಾಲದವರೆಗೆ ಒಂದೇ ಎಳೆತದ ಗೆರೆ, ಎಲ್ಲೂ ನಡುಗಿರಲಿಲ್ಲ. ವರ್ಣದ ಸರದಿ ಬರುವಷ್ಟರಲ್ಲಿ ಕೆಂಚಪ್ಪ ಜಾಗ ಖಾಲಿ ಮಾಡಲು ನೋಡಿದ. ಹಿರಿಯಣ್ಣ ಅವನ ಬಾಲ ಹಿಡಿದ.

ಚಿತ್ರ ಉಳಿಯಿತು. ಮುಂದಿನ ಮಳೆಗಾಲದವರೆಗೆ ನೋಡಲು ಬಂದವರಿಗೆಲ್ಲ ಕೆಂಚಪ್ಪನೇ ಪಂಜ ಇಟ್ಟು ವಿವರಿಸಬೇಕೆಂದು ತೀರ್ಪಾಯಿತು.

ಅಷ್ಟರಲ್ಲಿ ಹೊತ್ತು ಮುಳುಗಿತು. ಸಣ್ಣವ್ವನಿಗೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚು ಖುಷಿ ಇತ್ತು.

"ಕೆಂಚಪ್ಪ, ನಾಳೆ ಬರುವಾಗ ಪಂಜ ತೊಳೆದುಕೊಂಡು ಬಾ" ಎಂದಳು.

ನೀತಿ: ಅರ್ಥವಾಗದ ದೊಡ್ಡ ಮಾತಿಗೆ ತಲೆಯಾಡಿಸಬೇಡಿ, ಎಲ್ಲಿದೆ, ತೋರಿಸು ಎಂದು ಕೇಳಿ.